ಮನೋವೈದ್ಯರ ಚೀಟಿಯಲ್ಲೇ ಉಳಿತಾಯವಿದೆ

ಮನೋರೋಗದ ಮಾತ್ರೆಗೆ ತಿಂಗಳು ತಿಂಗಳೂ ದುಡ್ಡು ಹೊಂದಿಸುವವರು ಮೊದಲು ಔಷಧಿ ಅಂಗಡಿಯಲ್ಲಿ ಚೌಕಾಶಿ ಮಾಡುತ್ತಾರೆ. ಅಲ್ಲಿ ಸಿಗುವ ರಿಯಾಯಿತಿ ಅಂಗಡಿಯವರ ಲಾಭದೊಳಗಿನ ಪಾಲು, ಹಾಗಾಗಿ ಚಿಕ್ಕದು. ಹೆಚ್ಚು ಉಳಿಯಬೇಕಾದರೆ ಚೀಟಿಯೇ ಬದಲಾಗಬೇಕು. ಈ ಮಾತ್ರೆಗಳು ಬಹುತೇಕ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ಗೆ ಸೇರಿದವು. ವೈದ್ಯರು ಬ್ರಾಂಡ್ ಹೆಸರು ಬರೆದಿದ್ದರೆ ಅಂಗಡಿಯವರು ತಾವಾಗಿ ಬೇರೆ ಕಂಪನಿಯದ್ದು ಕೊಡುವಂತಿಲ್ಲ.

ಆದ್ದರಿಂದ ವೈದ್ಯರ ಎದುರು ಕೂತಾಗಲೇ ಕೇಳಿ: "ಡಾಕ್ಟ್ರೇ, ಜೆನೆರಿಕ್ ಹೆಸರಲ್ಲಿ ಬರೆದುಕೊಡ್ತೀರಾ?" ಜೆನೆರಿಕ್ ಅಂದರೆ ಕಂಪನಿಯ ಬ್ರಾಂಡ್ ಬಿಟ್ಟು ಔಷಧಿಯ ಮೂಲ ಹೆಸರು. ಕೇಳಲು ಮುಜುಗರ ಬೇಡ. ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು ವೈದ್ಯರ ನಡವಳಿಕೆಯ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಆಗಿದೆ. ಔಷಧಿಯ ಹೆಸರು, ಎಷ್ಟು ಮಿ.ಗ್ರಾಂ, ಜೊತೆಗೆ ಎಸ್‌ಆರ್, ಸಿಆರ್, ಇಆರ್ ಎಂಬ ಬಾಲವಿದ್ದರೆ ಅದು, ಮೂರೂ ಚೀಟಿಯಲ್ಲಿರಲಿ. ಬಾಲ ಬಿಟ್ಟುಹೋದರೆ ನಿಧಾನವಾಗಿ ಕರಗಬೇಕಾದ ಮಾತ್ರೆಯ ಜಾಗದಲ್ಲಿ ಒಮ್ಮೆಗೇ ಕರಗುವುದು ಬರುತ್ತದೆ. ತೂಕಡಿಕೆ, ವಾಕರಿಕೆ ಹೆಚ್ಚುವುದು ಇಂಥ ಎಡವಟ್ಟಿನಿಂದಲೂ ಹೌದು.

ಆ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ, ಅಂದರೆ ಸರ್ಕಾರಿ ಯೋಜನೆಯ ಅಗ್ಗದ ಜೆನೆರಿಕ್ ಔಷಧಿ ಅಂಗಡಿಗೆ ಹೋಗಿ. ಹತ್ತಿರದ ಕೇಂದ್ರ, ಔಷಧಿಯ ಬೆಲೆ ಎರಡನ್ನೂ 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ನೋಡಬಹುದು. ಮನೋರೋಗದ ಮಾತ್ರೆಗಳ ದಾಸ್ತಾನು ಎಲ್ಲ ಕಡೆ ಸದಾ ಇರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ, ಕೈಯಲ್ಲಿ ಹತ್ತು ದಿನದ ಮಾತ್ರೆ ಇರುವಾಗಲೇ ಕೊಳ್ಳಿ. ಬೆಲೆ ಹೋಲಿಸುವಾಗ ಸ್ಟ್ರಿಪ್ ಲೆಕ್ಕ ಬೇಡ, ಒಂದು ಮಾತ್ರೆಗೆ ಎಷ್ಟೆಂದು ನೋಡಿ. ಒಂದು ಕಂಪನಿಯ ಸ್ಟ್ರಿಪ್‌ನಲ್ಲಿ 10 ಇದ್ದರೆ ಇನ್ನೊಂದರಲ್ಲಿ 15 ಇರುತ್ತದೆ.

20 ಮಿ.ಗ್ರಾಂ ಮಾತ್ರೆಯ ಬೆಲೆ 10ರದ್ದಕ್ಕಿಂತ ಎಷ್ಟೋ ಸಲ ದುಪ್ಪಟ್ಟಿರುವುದಿಲ್ಲ. ನಡುವೆ ಗೀರು ಇರುವ, ಖಿನ್ನತೆಗೆ ಕೊಡುವ ಎಸ್‌ಸಿಟಾಲೋಪ್ರಾಮ್‌ನಂಥದ್ದನ್ನು ವೈದ್ಯರು ಒಪ್ಪಿದರೆ ಎರಡು ತುಂಡು ಮಾಡಿ ಒಂದು ಸಲಕ್ಕೆ ಅರ್ಧ ನುಂಗಬಹುದು. ಎಸ್‌ಆರ್, ಇಆರ್ ಮಾತ್ರೆಗಳನ್ನು, ಕ್ಯಾಪ್ಸೂಲ್‌ಗಳನ್ನು ಮಾತ್ರ ನೀವಾಗಿಯೇ ಮುರಿಯಬೇಡಿ, ತೆರೆಯಬೇಡಿ. ಆತಂಕ ತಗ್ಗಿಸುವ ಕ್ಲೋನಜೆಪಾಮ್ ಬೆರೆತ ಜೋಡಿ ಮಾತ್ರೆ ನಡೆಯುತ್ತಿದ್ದರೆ ಎರಡನ್ನೂ ಬೇರೆಬೇರೆ ಬರೆಯಲು ಸಾಧ್ಯವೇ ಎಂದೂ ಕೇಳಿ. ಕ್ಲೋನಜೆಪಾಮ್ ಮುಂದೆ ಮೆಲ್ಲಗೆ ಇಳಿಸಬೇಕಾಗುವಂಥದ್ದು. ಜೋಡಿಯಲ್ಲಿ ಒಂದನ್ನಷ್ಟೇ ಇಳಿಸಲಾಗದು.

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ವಿಷಯದಲ್ಲಿ ಅಗ್ಗದ್ದು ಕಂಡಲ್ಲೆಲ್ಲ ಕಂಪನಿ ಬದಲಿಸಬೇಡಿ. ಅದರ ರಕ್ತಮಟ್ಟ ಸ್ವಲ್ಪ ಏರಿದರೂ ಕೈ ನಡುಕ, ಭೇದಿ, ತೊದಲು ಶುರುವಾಗಬಹುದು. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ ಬದಲಿಸಿ, 5ರಿಂದ 7 ದಿನದ ನಂತರ ರಕ್ತ ಪರೀಕ್ಷೆ ಮಾಡಿಸಿ. ಕೊನೆಯ ಡೋಸ್ ತೆಗೆದುಕೊಂಡು 12 ತಾಸಾದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು.

ದುಡ್ಡು ಉಳಿಸಲು ದಿನ ಬಿಟ್ಟು ದಿನ ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್ ಒಂದೆರಡು ದಿನ ತಪ್ಪಿದರೂ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗಬಹುದು.

ಕೊಳ್ಳಲು ಆಗದೇ ಇದ್ದರೆ ಸರ್ಕಾರಿ ದಾರಿ ಇದೆ. ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೆ ಉಚಿತವಾಗಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಎಸ್‌ಸಿಟಾಲೋಪ್ರಾಮ್, ಫ್ಲೂಆಕ್ಸೆಟಿನ್, ರಿಸ್ಪೆರಿಡೋನ್, ಲಿಥಿಯಂ ರಾಷ್ಟ್ರೀಯ ಪಟ್ಟಿಯಲ್ಲಿವೆ. ಕರ್ನಾಟಕದಲ್ಲಿ 'ಮನೋಚೈತನ್ಯ' ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹಳೆಯ ಚೀಟಿ, ಡಿಸ್ಚಾರ್ಜ್ ಸಾರಾಂಶ, ಈಗ ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್ ಒಯ್ಯಿರಿ. ಯಾವ ಆಸ್ಪತ್ರೆ ಎಂದು ಗೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.