ಮಾಕುಟ್ಟದ ಮಣ್ಣಿನ ಗುಡ್ಡೆ

ವಿರಾಜಪೇಟೆ
25 ಜೂನ್ 2025, ಬುಧವಾರ

ಬೆಳಗ್ಗಿನಿಂದ ಬಿಟ್ಟೂಬಿಡದ ಮಳೆ. ಕರೆಂಟ್ ಹೋಗಿ ಮೂರು ಗಂಟೆಯಾಯ್ತು. ರೇಡಿಯೋದಲ್ಲಿ ತುರ್ತು ಪರಿಸ್ಥಿತಿಗೆ 50 ವರ್ಷ ತುಂಬಿದ ಮಾತು. ನನ್ನ ಮನಸ್ಸು ಮಾತ್ರ 2020ರ ಮಾರ್ಚ್‌ಗೆ ಓಡಿತು.

ಕೊರೋನಾ ಅಂತ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದ್ದರು. ತಂಗಿ ಆಚೆ ಇರಿಟ್ಟಿಯಲ್ಲಿ. ಈಚೆ ನಮ್ಮ ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. ಕಣ್ಣೂರಿನ ಡಾಕ್ಟರು ಬರೆದ ಮಾತ್ರೆ ಇಲ್ಲಿ ಯಾವ ಮೆಡಿಕಲ್‌ನಲ್ಲೂ ಸಿಗಲಿಲ್ಲ. ತಂಗಿಯೇ ಗುಡ್ಡೆಯ ತನಕ ತಂದಳು. ಅವಳು ನೀಡಿದ ಪ್ಲಾಸ್ಟಿಕ್ ಕವರನ್ನು ಕಾವಲಿನ ಪೊಲೀಸಿನವರು ಇಸ್ಕೊಂಡು ನನ್ನ ಕೈಗಿಟ್ಟರು. ಕವರಿನ ತಳಕ್ಕೆ ಕೆಂಪು ಮಣ್ಣು ಮೆತ್ತಿತ್ತು. "ಒಂದ್ಸಲ ಅಪ್ಪನ್ನ ನೋಡ್ಬೇಕಿತ್ತು ಅಣ್ಣಾ" ಅಂದಳು. ನಾನು ಪೊಲೀಸಿನವರ ಮುಖ ನೋಡಿದೆ. "ಆದೇಶ ಸಾರ್, ನಮ್ಮ ಕೈಲಿಲ್ಲ" ಅಂದರು. ಎಲ್ಲಿ ತನಕ ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಅವಳು ಅಪ್ಪನನ್ನು ನೋಡಿದ್ದು ಎರಡು ತಿಂಗಳ ಮೇಲೆ.

ಆ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೊರೋನಾ ನಿಯಮಗಳನ್ನು ಹೊರಡಿಸಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ. ಮುಂಬೈಯ ಪ್ಲೇಗಿಗೆಂದು ಬ್ರಿಟಿಷರು ಮಾಡಿದ್ದು ಅದು. ಹುಡುಕಿ ಓದಿದೆ. ಮೂಲದಲ್ಲಿ ನಾಲ್ಕೇ ಕಲಂ. ಇರುವ ಕಾನೂನು ಸಾಲದು ಅನ್ನಿಸಿದರೆ ಸರ್ಕಾರ ತನಗೆ ಸರಿಕಂಡ ಕ್ರಮ ತೆಗೆದುಕೊಳ್ಳಬಹುದು. ಸದುದ್ದೇಶದಿಂದ ಮಾಡಿದ್ದಕ್ಕೆ ಯಾರ ಮೇಲೂ ದಾವೆ ಹೂಡುವಂತಿಲ್ಲ. ಆದೇಶ ಎಂದು ಮುಗಿಯಬೇಕು, ಸದನದ ಮುಂದೆ ಯಾವಾಗ ಬರಬೇಕು ಎಂಬುದಕ್ಕೆ ಒಂದಕ್ಷರವೂ ಇಲ್ಲ.

1975ರ ಪೆಟ್ಟು ತಿಂದ ಮೇಲೆ ಸಂವಿಧಾನಕ್ಕೆ ನಾವು ಬೇಲಿ ಹಾಕಿಕೊಂಡೆವಲ್ಲ! 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿ ಹೇರಲು ಕಾರಣವಾಗಿದ್ದ 'ಆಂತರಿಕ ಕ್ಷೋಭೆ' ಎಂಬ ಸಡಿಲ ಮಾತು ತೆಗೆದು 'ಸಶಸ್ತ್ರ ಬಂಡಾಯ' ಎಂದಿತು. ಸಚಿವ ಸಂಪುಟದ ತೀರ್ಮಾನ ಲಿಖಿತವಾಗಿ ಬೇಕು, ತಿಂಗಳೊಳಗೆ ಸಂಸತ್ತು ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ಇಷ್ಟು ಮಾಡಿದವರು ಆ ಹಳೇ ಕಾಯ್ದೆಯನ್ನು ಮುಟ್ಟಲಿಲ್ಲ. ಕರ್ನಾಟಕ 2020ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. 2024ರಲ್ಲಿ ಕಾನೂನು ಆಯೋಗವೂ 286ನೇ ವರದಿಯಲ್ಲಿ ಹಳೆಯದನ್ನು ಸರಿಪಡಿಸಿ, ಇಲ್ಲವೇ ಹೊಸದು ತನ್ನಿ ಎಂದಿದೆ. ಕೇಂದ್ರದ 1897ರದ್ದು ಇನ್ನೂ ಉಸಿರಾಡುತ್ತಿದೆ.

ಅಧಿಕಾರವೇ ಬೇಡ ಅನ್ನುವವನಲ್ಲ ನಾನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜರಿದದ್ದು ನೆನಪಿದೆ. ಮನೆ ಬಿಟ್ಟು ಹೊರಡಿ ಅಂದಾಗ ಯಾವ ಕಲಂ ಅಂತ ಕೇಳುತ್ತ ಕೂರಲಾಗದು. ಆದರೆ ಮಣ್ಣು ಸುರಿದವರೇ ಅದನ್ನು ತೆಗೆಯುವ ದಿನವನ್ನೂ ಬರೆದಿಡಬೇಕು.

ಮೇಣದ ಬತ್ತಿ ಹಚ್ಚಿ ಸಂಸದರಿಗೆ ಪತ್ರ ಶುರು ಮಾಡಿದ್ದೇನೆ. ಶನಿವಾರ ತಂಗಿ ಬರುತ್ತಾಳೆ. ಮಾಕುಟ್ಟದ ಘಾಟಿಯಲ್ಲಿ ಮರ ಬಿದ್ದಿದೆಯಾ ಅಂತ ನಾಳೆ ವಿಚಾರಿಸಬೇಕು.