ಹಳೇ ಟ್ಯೂಬು, ಪರೀಕ್ಷೆ ಪ್ಯಾಡು, ಎರಡು ಸ್ಕೂಲ್ ಬ್ಯಾಗು: ಶಿವಮೊಗ್ಗದಿಂದ ಮಲ್ಪೆಗೆ ಸೈಕಲ್ ಸವಾರಿ

ಸೈಕಲ್ಲಿಗೆ ಕಟ್ಟುವ ಬ್ಯಾಗುಗಳ ಬೆಲೆ ನೋಡಿದ ದಿನವೇ ಈ ಪ್ರವಾಸ ಕೈಬಿಡುವವನಿದ್ದೆ. ಸೀಟಿನ ಹಿಂದಿನದು, ಹ್ಯಾಂಡಲಿನದು, ಫ್ರೇಮಿನ ನಡುವಿನದು ಎಲ್ಲ ಕೂಡಿಸಿದರೆ ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್ಲಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಆಗುತ್ತಿತ್ತು. ಕೊನೆಗೆ ಹೊರೆ ಕಟ್ಟಲು ಖರ್ಚಾದದ್ದು ಒಟ್ಟು 1,190 ರೂಪಾಯಿ. ಅದರಲ್ಲೂ 150 ದಂಡ; ಆ ಕಥೆ ಮುಂದೆ ಹೇಳುತ್ತೇನೆ.

ದಾರಿ ಸರಳ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ, ಮಲ್ಪೆ. 150 ಚಿಲ್ಲರೆ ಕಿಲೋಮೀಟರ್, ಮೂರು ದಿನ. ಡಿಸೆಂಬರಿನಲ್ಲಿ ಹೋದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಗೆ ಹೊರೆ ಹೊತ್ತ ಸೈಕಲ್ ತರಬೇಡಿ, ಗುಡ್ಡ ಕುಸಿದು ರಸ್ತೆಯೇ ಬಂದ್ ಆಗುವುದುಂಟು. ಟೆಂಟ್ ಒಯ್ಯಲಿಲ್ಲ. ಘಾಟಿ ಇರುವುದು ಸೋಮೇಶ್ವರ ಅಭಯಾರಣ್ಯದಲ್ಲಿ, ಅಲ್ಲಿ ಕಂಡಕಂಡಲ್ಲಿ ಮಲಗುವಂತಿಲ್ಲ. ತೀರ್ಥಹಳ್ಳಿಯಲ್ಲಿ ಲಾಡ್ಜ್, ಆಗುಂಬೆಯಲ್ಲಿ ಹೋಂಸ್ಟೇ. ದಾರಿಯ ಊರುಗಳಲ್ಲಿ ಹೋಟೆಲ್ಲುಗಳಿರುವುದರಿಂದ ಸ್ಟೋವ್ ಕೂಡ ಬೇಡ. ಇಷ್ಟು ಕಳೆದ ಮೇಲೂ ನೀರು ಬಿಟ್ಟು 9 ಕೆಜಿ ಉಳಿಯಿತು.

ನನ್ನದು ಗೇರ್ ಸೈಕಲ್, ಮುಂದೆ ಸಸ್ಪೆನ್ಷನ್. ಹಿಂದಿನ ಚಕ್ರದ ಹತ್ತಿರ ಫ್ರೇಮಿನಲ್ಲಿ ಕ್ಯಾರಿಯರಿನ ಕಾಲು ಬೋಲ್ಟ್ ಮಾಡುವ ತೂತು ಇದೆ, ಮೇಲೆ ಸೀಟಿನ ಹತ್ತಿರ ಇಲ್ಲ. ಇಂಥ ಸೈಕಲ್ ಇದ್ದವರಿಗೆ ಅಂಗಡಿಯವರು ಸೀಟಿನ ಕಂಬಕ್ಕೆ ಕಚ್ಚಿಸುವ ಕ್ಯಾರಿಯರ್ ತೋರಿಸುತ್ತಾರೆ. ತೆಗೆದುಕೊಳ್ಳಬೇಡಿ. ಅದರ ಭಾರವೆಲ್ಲ ಒಂದೇ ಹಿಡಿಕೆಯ ಮೇಲೆ. ತಾಳುವುದು ಸಾಮಾನ್ಯವಾಗಿ 9-10 ಕೆಜಿ ಅಷ್ಟೇ, ಗುಂಡಿಯಲ್ಲಿ ಇಳಿದರೆ ಪಕ್ಕಕ್ಕೆ ತಿರುಗಿಬಿಡುತ್ತದೆ. ನಾನು 550 ರೂಪಾಯಿಯ ಮಾಮೂಲಿ ಕಾಲಿರುವ ಕ್ಯಾರಿಯರ್ ತಂದೆ. ಮೇಲಿನ ತೂತಿನ ಬದಲಿಗೆ ಹಾರ್ಡ್‌ವೇರ್ ಅಂಗಡಿಯ ಎರಡು ಪೈಪ್ ಕ್ಲ್ಯಾಂಪ್. ಕ್ಲ್ಯಾಂಪಿನೊಳಗೆ ಟ್ಯೂಬಿನ ತುಂಡು ಸುತ್ತಿ ಫ್ರೇಮಿಗೆ ಬಿಗಿದರೆ ಬಣ್ಣವೂ ಕೆರೆಯುವುದಿಲ್ಲ, ಜಾರುವುದೂ ಇಲ್ಲ. ಫ್ರೇಮ್ ಕಾರ್ಬನ್ನಿನದಾದರೆ ಮಾತ್ರ ಈ ಸಾಹಸ ಬೇಡ. ಬೋಲ್ಟುಗಳಿಗೆ ಹೆಂಡತಿಯ ನೇಲ್ ಪಾಲಿಶ್ ಒಂದೊಂದು ಹನಿ ಬಿಟ್ಟೆ, ಸಡಿಲವಾಗದಿರಲಿ ಅಂತ. ಎರಡು ಬೋಲ್ಟು, ಅವಕ್ಕೆ ಹೊಂದುವ ಎಲನ್ ಕೀ ಜೇಬಲ್ಲಿರಲಿ.

ಪಕ್ಕದ ಬ್ಯಾಗುಗಳು ಮಕ್ಕಳ ಹಳೇ ಸ್ಕೂಲ್ ಬ್ಯಾಗು. ಹಾಗೇ ನೇತುಹಾಕಿದರೆ ಹೊಟ್ಟೆ ಉಬ್ಬಿ ಚಕ್ರದ ಕಡ್ಡಿಗಳೊಳಗೆ ನುಗ್ಗುತ್ತವೆ. ಅದಕ್ಕೇ ಒಳಬದಿಗೆ ಒಂದೊಂದು ಪರೀಕ್ಷೆ ಪ್ಯಾಡ್ ಇಟ್ಟೆ. ಪ್ಯಾಡಿಗೆ ನಾಲ್ಕು ತೂತು ಕೊರೆದು, ಕೇಬಲ್ ಟೈ ಹಾಕಿ ಬ್ಯಾಗು ಸಮೇತ ಕ್ಯಾರಿಯರಿಗೆ ಬಿಗಿದದ್ದು. ಪೆಡಲ್ ತುಳಿದು ನೋಡಿ: ಹಿಮ್ಮಡಿ ತಾಗಿದರೆ ಬ್ಯಾಗು ನಾಲ್ಕು ಬೆರಳು ಹಿಂದೆ ಸರಿಸಬೇಕು. ಭಾರದ್ದೆಲ್ಲ ಬ್ಯಾಗಿನ ತಳಕ್ಕೆ, ಬಟ್ಟೆ ಮೇಲಕ್ಕೆ. ಬಲಕ್ಕೆ ಎಷ್ಟೋ ಎಡಕ್ಕೂ ಅಷ್ಟೇ. ಒಳಗೆ ದಪ್ಪ ಪ್ಲಾಸ್ಟಿಕ್ ಕವರ್. ಬ್ಯಾಗು ವಾಟರ್‌ಪ್ರೂಫ್ ಅಂತ ಬರೆದಿದ್ದರೂ ನಂಬಬೇಡಿ.

ಹ್ಯಾಂಡಲಿಗೆ ಮಲಗುವ ಚೀಲ, ಜಾಕೆಟ್ ಸುರುಳಿ ಸುತ್ತಿ ಕಟ್ಟಿದ್ದೆ, ಎರಡು ಕೆಜಿ ಒಳಗೆ. ಇಲ್ಲಿ ಎರಡು ಎಡವಟ್ಟಾಗುತ್ತವೆ. ಸುರುಳಿ ಬ್ರೇಕಿನ, ಗೇರಿನ ಕೇಬಲ್ಲುಗಳನ್ನು ಅಮುಕುತ್ತದೆ. ಸಸ್ಪೆನ್ಷನ್ ಕುಗ್ಗಿದಾಗ ಟಯರಿಗೂ ಉಜ್ಜುತ್ತದೆ. ಮೊದಲನೆಯದಕ್ಕೆ ಹರಿದ ಹವಾಯಿ ಚಪ್ಪಲಿಯನ್ನು ಕೊಯ್ದು, ಹ್ಯಾಂಡಲಿಗೂ ಸುರುಳಿಗೂ ನಡುವೆ ತುಂಡುಗಳನ್ನು ಇಟ್ಟು ಕಟ್ಟಿದೆ. ಎರಡು ಬೆರಳಿನ ಜಾಗ ಬಂತು, ಕೇಬಲ್ ಆರಾಮಾಗಿ ಓಡಾಡಿತು. ಎರಡನೆಯದಕ್ಕೆ ಮನೆಯಲ್ಲೇ ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಕುಣಿಸಿ ನೋಡಬೇಕು.

ಇಷ್ಟೆಲ್ಲ ಜಾಣತನ ತೋರಿಸಿ ನಾನು ಸೋತದ್ದು ಹಗ್ಗದಲ್ಲಿ. ಕ್ಯಾರಿಯರಿನ ಮೇಲಿಟ್ಟ ಸಾಮಾನಿನ ಗಂಟಿಗೆ 150 ರೂಪಾಯಿಯ ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಹಾಕಿದ್ದೆ. ಮೊದಲ ದಿನ ಮಂಡಗದ್ದೆಯಲ್ಲಿ ನಿಂತು ತುಂಗೆಯ ನಡುಗಡ್ಡೆಯ ಪಕ್ಷಿಧಾಮ ನೋಡಿದೆ (ಡಿಸೆಂಬರಿಗೆ ಹಕ್ಕಿಗಳು ಖಾಲಿ, ಅವು ಬೇಕಾದರೆ ಮಳೆಗಾಲದಲ್ಲೇ ಬಸ್ಸಲ್ಲಿ ಬನ್ನಿ). ಹೊರಟು ಹತ್ತು ನಿಮಿಷ ಆಗಿರಲಿಲ್ಲ, ಒಂದು ಹಂಪ್ ಹಾರಿದೆ. ಟಪ್ ಅಂತ ಸದ್ದು. ಕೊಕ್ಕೆ ಕಳಚಿ, ಹಗ್ಗ ಹಿಂದಿನ ಚಕ್ರಕ್ಕೆ ಬಿದ್ದು, ಹಲ್ಲುಚಕ್ರಕ್ಕೆ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿತು. ಚಕ್ರ ಅಲ್ಲೇ ಜಾಮ್. ಏರಿನಲ್ಲಿದ್ದೆ, ಹಾಗಾಗಿ ಬೀಳಲಿಲ್ಲ. ಇಳಿಜಾರಿನಲ್ಲಾಗಿದ್ದರೆ ಇದನ್ನು ಬರೆಯಲು ಕೈ ಇರುತ್ತಿರಲಿಲ್ಲ. ಬ್ಲೇಡಿನಿಂದ ಕೊಯ್ದು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಟವೆಲ್ ಸೀಳಿ ಗಂಟು ಕಟ್ಟಿಕೊಂಡು ತೀರ್ಥಹಳ್ಳಿ ಸೇರಿದೆ.

ಅಲ್ಲಿ ಪಂಕ್ಚರ್ ಅಂಗಡಿಯವರು ಟವೆಲ್ ನೋಡಿ ನಕ್ಕರು. "ಎಂತ ಮಾರಾಯ್ರೆ ಇದು, ಹೊರೆ ಕಟ್ಟೋದು ಹಿಂಗಾ?" ಮೂಲೆಯಿಂದ ಸ್ಕೂಟರಿನ ಹಳೇ ಟ್ಯೂಬ್ ಎಳೆದು, ಉದ್ದಕ್ಕೆ ಎರಡು ಬೆರಳಗಲದ ಪಟ್ಟಿ ಕೊಯ್ದರು. ಒಂದು ತುದಿ ಕ್ಯಾರಿಯರಿನ ಸರಳಿಗೆ ಗಂಟು. ಆಮೇಲೆ ಪಟ್ಟಿಯನ್ನು ಅರ್ಧಕ್ಕರ್ಧ ಹಿಗ್ಗುವಷ್ಟು ಎಳೆಯುತ್ತಾ ಸುತ್ತು, ಮತ್ತೆ ಅಡ್ಡ ಸುತ್ತು. ಕೊನೆಯ ತುದಿಯನ್ನು ಹಿಂದಿನ ಸುತ್ತಿನ ಅಡಿಗೆ ತೂರಿಸಿ ಬಿಟ್ಟರು, ಗಂಟೇ ಇಲ್ಲ. ಬಿಚ್ಚಬೇಕಾದರೆ ಆ ತುದಿ ಎಳೆದರೆ ಸಾಕು. "ಈಗ ಅಲ್ಲಾಡ್ಸಿ ನೋಡಿ" ಅಂದರು. ಹೊರೆ ಹಿಡಿದು ಅಲ್ಲಾಡಿಸಿದರೆ ಇಡೀ ಸೈಕಲ್ಲೇ ಅಲ್ಲಾಡಿತು, ಹೊರೆ ಕದಲಲಿಲ್ಲ. ಹಾಲಿನವರು, ಮೀನಿನವರು ಇದನ್ನೇ ಮಾಡುವುದು ನೋಡುತ್ತಲೇ ಬೆಳೆದಿದ್ದೆ, ನನ್ನ ತಲೆಗೆ ಮಾತ್ರ ಹೊಳೆದಿರಲಿಲ್ಲ. ದುಡ್ಡು ಬೇಡವೆಂದರು. ಟ್ಯೂಬಿನ ಒಳಗೆ ಬಿಳಿ ಪುಡಿ ಇರುತ್ತದೆ, ತೊಳೆದು ಬಳಸಿ. ನನ್ನ ಕಪ್ಪು ಪ್ಯಾಂಟು ಎರಡು ದಿನ ಸುಣ್ಣ ಬಳಿದ ಗೋಡೆಯಂತಿತ್ತು.

ಎರಡನೇ ದಿನ ಮೇಗರವಳ್ಳಿ ದಾಟಿ ಆಗುಂಬೆ, ದೂರ ಕಡಿಮೆ, ಏರಿಳಿತ ಜಾಸ್ತಿ. ನೀರಿನ ಎರಡು ಬಾಟಲಿಗಳನ್ನು ಮುಂದಿನ ಫೋರ್ಕಿಗೆ ಹೋಸ್ ಕ್ಲಿಪ್ಪಿನಿಂದ ಕಟ್ಟಿದ್ದೆ. ಅಡಿಗೆ ಟ್ಯೂಬಿನ ತುಂಡು, ಕ್ಲಿಪ್ಪಿನ ಚೂಪು ತುದಿಗೆ ಇನ್ಸುಲೇಷನ್ ಟೇಪ್. ಟೇಪ್ ಮರೆತ ಕಡೆ ಮೊಣಕಾಲಿನ ಕೆಳಗೆ ಗೀರು ಬಿತ್ತು.

ಮೂರನೇ ದಿನ ಘಾಟಿ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರ. ಅಲ್ಲಿಂದ ಘಾಟಿಯ ಬುಡದ ಸೋಮೇಶ್ವರ ಊರಿಗೆ 14 ಹೇರ್‌ಪಿನ್ ತಿರುವು. ಬಿಸಿಲೇರಿ ಮಂಜು ಕರಗಿದ ಮೇಲೆ ಇಳಿಯಿರಿ. ಹೊರೆ ಇರುವ ಸೈಕಲ್ ಬ್ರೇಕ್ ಹಿಡಿದರೂ ಎಂದಿಗಿಂತ ಮುಂದಕ್ಕೆ ಹೋಗಿಯೇ ನಿಲ್ಲುತ್ತದೆ, ಇದು ಕೈಗೆ ಅಭ್ಯಾಸ ಆಗಿರಬೇಕು. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಿ, ಮೂರ್ನಾಲ್ಕು ತಿರುವಿಗೊಮ್ಮೆ ಜಾಗ ನೋಡಿ ನಿಂತು ಬಿಸಿಯಾದ ರಿಮ್ ಆರಲು ಬಿಡಿ. ನಿಂತಾಗ ಬೋಲ್ಟು, ಪಟ್ಟಿ ಮುಟ್ಟಿ ನೋಡಿ. ಮಂಗಗಳಿಗೆ ಕಾಣುವಂತೆ ಏನೂ ಕಟ್ಟಿರಬಾರದು. ನಾನು ಪಟ್ಟಿಯಡಿ ಸಿಕ್ಕಿಸಿದ್ದ ಬಾಳೆಹಣ್ಣಿನ ಚಿಪ್ಪು ಸೂರ್ಯಾಸ್ತ ನೋಡುವ ಜಾಗದಲ್ಲೇ ಹೋಯಿತು. ಪಟ್ಟಿ ಬಿಚ್ಚುವುದು ನನಗಿಂತ ಮಂಗಕ್ಕೇ ಚೆನ್ನಾಗಿ ಬಂತು.

ಹೆಬ್ರಿಯಿಂದ ಉಡುಪಿಗೆ ಸೆಖೆ ಬಿಟ್ಟರೆ ಬೇರೆ ತೊಂದರೆ ಇಲ್ಲ. ಮಲ್ಪೆಯಲ್ಲಿ ಸೈಕಲ್ಲನ್ನು ಮರಳಿಗೆ ಇಳಿಸಬೇಡಿ, ಫೋಟೋ ರಸ್ತೆಯಿಂದಲೇ ಚೆನ್ನಾಗಿ ಬರುತ್ತದೆ.

ವಾಪಸು ರಾತ್ರಿ ಬಸ್ಸು. ಡಿಕ್ಕಿಗೆ ಸೈಕಲ್ ಹಾಕುವ ಮಾತನ್ನು ಟಿಕೆಟ್ ಮಾಡುವ ಮೊದಲೇ ಆಡಿ ಮುಗಿಸಿ. ಬಸ್ಸು ನಿಲ್ಲುವುದು ಐದು ನಿಮಿಷ. ಅಷ್ಟರಲ್ಲಿ ಮುಂದಿನ ಚಕ್ರ ಬಿಚ್ಚಿ, ಪೆಡಲಿಗೆ ಬಟ್ಟೆ ಸುತ್ತಿ, ಗಂಟು ಇಳಿಸಬೇಕು. ಟ್ಯೂಬಿನ ಪಟ್ಟಿ ಎಳೆದ ಕೂಡಲೇ ಬಿಚ್ಚಿತು. ಕೇಬಲ್ ಟೈ ಹಾಕಿದ್ದ ಸ್ಕೂಲ್ ಬ್ಯಾಗುಗಳಿಗೆ ಮಾತ್ರ ಬ್ಲೇಡ್ ಹುಡುಕುತ್ತಾ ಕೂತೆ, ಕ್ಲೀನರ್ ಮೂರು ಸಲ ಸೀಟಿ ಊದಿದ. ಮುಂದಿನ ಸಲ ಅಲ್ಲಿಗೂ ಟ್ಯೂಬೇ.