ವಯಾಡಕ್ಟ್ ಮೇಲೆ ಒಂದು ಕೊನೆಯ ನಡಿಗೆ

ಹತ್ತು ವರ್ಷ ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದ ರಸ್ತೆಯ ಮೇಲೆ ನಾನು ಮೊದಲ ಬಾರಿಗೆ ಕಾಲಿಟ್ಟದ್ದು 2019ರ ಫೆಬ್ರುವರಿ 2ರ ಶನಿವಾರ. ಸಿಯಾಟಲ್ ನಗರದ ಸಮುದ್ರದಂಚಿನಲ್ಲಿ ಎರಡು ಅಂತಸ್ತುಗಳಾಗಿ ಸಾಗುತ್ತಿದ್ದ ಮೇಲ್ಸೇತುವೆ ರಸ್ತೆ, ಅಲಾಸ್ಕನ್ ವೇ ವಯಾಡಕ್ಟ್, ಜನವರಿ 11ರ ರಾತ್ರಿಯೇ ವಾಹನಗಳಿಗೆ ಮುಚ್ಚಿತ್ತು. ಅದರ ಬದಲಿಗೆ ನಗರದ ಅಡಿಯಲ್ಲಿ ಕೊರೆದ ಸುರಂಗ ಸೋಮವಾರ ತೆರೆಯಲಿತ್ತು. ನಡುವಿನ ಆ ವಾರಾಂತ್ಯದಲ್ಲಿ ಹಳೆಯದನ್ನು ಬೀಳ್ಕೊಟ್ಟು ಹೊಸದನ್ನು ನೋಡಿ ಬರಲು ಸಾರ್ವಜನಿಕರಿಗೆ ಅವಕಾಶ ಮಾಡಿಕೊಟ್ಟಿದ್ದರು. ಎಂಟು ವರ್ಷದ ಮಗಳನ್ನು ಕರೆದುಕೊಂಡು, ಬಸ್ ನಿಲ್ದಾಣದಲ್ಲಿ ಪರಿಚಯವಾಗಿ ಆಮೇಲೆ ಆಪ್ತರಾದ ನೆರೆಮನೆಯ ಹಿರಿಯರೊಬ್ಬರ ಜೊತೆ ನಾನೂ ಹೋದೆ.

ಈ ರಸ್ತೆಯಲ್ಲಿ ಉತ್ತರಕ್ಕೆ ಹೋಗುವ ವಾಹನಗಳಿಗೆ ಮೇಲಿನ ಅಂತಸ್ತು, ದಕ್ಷಿಣಕ್ಕೆ ಹೋಗುವವಕ್ಕೆ ಕೆಳಗಿನದು. ವೆಸ್ಟ್ ಸಿಯಾಟಲ್‌ನಿಂದ ಬೆಳಿಗ್ಗೆ ನಮ್ಮನ್ನು ಕೆಲಸಕ್ಕೆ ಕರೆತರುತ್ತಿದ್ದ ಬಸ್ಸು ಮೇಲಿನ ಅಂತಸ್ತಿನಲ್ಲಿ ಬಂದು, ಸೆನೆಕಾ ಬೀದಿಯ ಇಳಿಜಾರಿನಲ್ಲಿ ಬಲಕ್ಕೆ ತಿರುಗಿ, ನೇರವಾಗಿ ನಗರದ ನಡುವೆ ಇಳಿಯುತ್ತಿತ್ತು. ಅದಕ್ಕೆ ಮುಂಚಿನ ಕೆಲವೇ ನಿಮಿಷ ಎಡಕ್ಕೆ ಎಲಿಯಟ್ ಕೊಲ್ಲಿ, ಕೊಲ್ಲಿಯ ಮೇಲೆ ಬಿಳಿ ಫೆರಿಗಳು, ಮೋಡ ಸರಿದ ದಿನ ಆಚೆ ದಡದಲ್ಲಿ ಒಲಿಂಪಿಕ್ ಪರ್ವತಗಳ ಹಿಮ ಕಾಣುತ್ತಿದ್ದವು. ಮೊಬೈಲಿನಲ್ಲಿ ಮುಳುಗಿದ್ದವರೂ ಅಲ್ಲಿಗೆ ಬಂದಾಗ ತಲೆಯೆತ್ತುತ್ತಿದ್ದರು. ಆ ಬಸ್ಸಿನಲ್ಲಿ ಆಸ್ಪತ್ರೆಯ ದಾದಿಯರಿದ್ದರು, ಹೋಟೆಲುಗಳಲ್ಲಿ ಕೋಣೆ ಸ್ವಚ್ಛ ಮಾಡುವವರಿದ್ದರು, ವಿದ್ಯಾರ್ಥಿಗಳಿದ್ದರು. ಕೊಲ್ಲಿಯ ಕಡೆಗೆ ಕಿಟಕಿಯಿರುವ ಮನೆಯನ್ನು ಈ ನಗರದಲ್ಲಿ ಕೊಳ್ಳಬಲ್ಲವರು ಕೆಲವರೇ. ಬಸ್ಸಿನ ಟಿಕೆಟ್ಟಿಗೆ ಅದೇ ನೋಟ ನಮಗೂ ಸಿಗುತ್ತಿತ್ತು.

ಈ ಕಾರಣಕ್ಕಾಗಿಯೇ ನಾನು ಬಹಳ ಕಾಲ ವಯಾಡಕ್ಟ್ ಉಳಿಯಲಿ ಎನ್ನುವವರ ಪಕ್ಷದಲ್ಲಿದ್ದೆ. 2011ರಲ್ಲಿ, ಸುರಂಗದ ಪ್ರಶ್ನೆ ಮತಕ್ಕೆ ಬರುವ ಮುನ್ನ ನಡೆದ ಒಂದು ಸಾರ್ವಜನಿಕ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನನಗೆ ಆಗ ಇಲ್ಲಿಯ ಪೌರತ್ವವಿರಲಿಲ್ಲ, ಮತವೂ ಇರಲಿಲ್ಲ. ಆದರೆ ದಿನಕ್ಕೆ ಎರಡು ಸಲ ಆ ರಸ್ತೆಯಲ್ಲಿ ಓಡಾಡುತ್ತಿದ್ದುದರಿಂದ ಅದು ನನ್ನ ವಿಷಯವೇ ಎಂದು ಭಾವಿಸಿದ್ದೆ. ಬಂದರಿನ ಕಡೆಗೆ ಲಾರಿ ಓಡಿಸುವವರೊಬ್ಬರು, ಬ್ಯಾಲರ್ಡ್‌ನಿಂದ ದಕ್ಷಿಣಕ್ಕೆ ಸರಕು ಸಾಗಿಸಲು ಬೇರೆ ದಾರಿಯೇ ಇಲ್ಲ ಎಂದರು. ರಸ್ತೆಯ ಮೇಲಂತಸ್ತಿನ ಮಟ್ಟಕ್ಕೇ ಮನೆಯ ಕಿಟಕಿಯಿದ್ದ ಮಹಿಳೆಯೊಬ್ಬರು, ಬೇಸಿಗೆಯಲ್ಲೂ ಕಿಟಕಿ ತೆರೆದು ಮಲಗಿದ್ದು ನೆನಪಿಲ್ಲ ಎಂದರು. ಸುರಂಗವೂ ಬೇಡ, ಹೊಸ ಮೇಲ್ಸೇತುವೆಯೂ ಬೇಡ, ಆ ಹಣವನ್ನು ಬಸ್ಸುಗಳಿಗೂ ನೆಲದ ಮೇಲಿನ ಬೀದಿಗಳಿಗೂ ಹಾಕಿ ಎಂದು ಒಬ್ಬ ಯುವಕ ವಾದಿಸಿದ. ಅಂದಿನ ಮೇಯರ್ ಮೈಕ್ ಮೆಕ್‌ಗಿನ್ ಅವರ ನಿಲುವೂ ಅದೇ ಆಗಿತ್ತು. ನಾನು ಮಾತಾಡಲಿಲ್ಲ. ಕಿಟಕಿಯ ನೋಟದ ಮಾತನ್ನು ಆ ಸಭೆಯಲ್ಲಿ ಎತ್ತಲು ಸಂಕೋಚವಾಯಿತು. ಎತ್ತಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಚರ್ಚೆ ಅಷ್ಟು ಹೊತ್ತಿಗೇ ಹತ್ತು ವರ್ಷ ಹಳೆಯದಾಗಿತ್ತು. 2001ರ ಫೆಬ್ರುವರಿ 28ರಂದು 6.8 ತೀವ್ರತೆಯ ನಿಸ್ಕ್ವಾಲಿ ಭೂಕಂಪ ವಯಾಡಕ್ಟನ್ನೂ ಅದರ ಪಕ್ಕದ ಕಡಲತಡೆಗೋಡೆಯನ್ನೂ ಘಾಸಿಗೊಳಿಸಿತು. 1953ರಲ್ಲಿ ತೆರೆದ ಕಟ್ಟಡವದು. ಹೆಚ್ಚುಕಡಿಮೆ ಅದೇ ವಿನ್ಯಾಸದ, ಓಕ್‌ಲ್ಯಾಂಡಿನ ಎರಡಂತಸ್ತಿನ ಸೈಪ್ರೆಸ್ ಹೆದ್ದಾರಿ 1989ರ ಭೂಕಂಪದಲ್ಲಿ ಮೇಲಂತಸ್ತು ಕೆಳಗಿನದರ ಮೇಲೆ ಕುಸಿದು 42 ಜನರನ್ನು ಬಲಿ ತೆಗೆದುಕೊಂಡಿತ್ತು. ಇಷ್ಟಾದರೂ ಏನು ಮಾಡಬೇಕೆಂದು ತೀರ್ಮಾನಿಸಲು ಸಿಯಾಟಲ್‌ಗೆ ಆಗಲಿಲ್ಲ. 2007ರ ಮಾರ್ಚ್‌ನಲ್ಲಿ ಹೊಸ ಮೇಲ್ಸೇತುವೆ ಬೇಕೆ, ಸುರಂಗ ಬೇಕೆ ಎಂದು ಎರಡು ಪ್ರತ್ಯೇಕ ಪ್ರಶ್ನೆಗಳನ್ನು ಮುಂದಿಟ್ಟಾಗ ಮತದಾರರು ಎರಡಕ್ಕೂ ಬೇಡ ಎಂದರು. 2009ರ ಜನವರಿಯಲ್ಲಿ ಗವರ್ನರ್ ಕ್ರಿಸ್ಟೀನ್ ಗ್ರೆಗಾಯರ್ ಅವರೂ ನಗರ ಮತ್ತು ಕೌಂಟಿಯ ಮುಖ್ಯಸ್ಥರೂ ಆಳದಲ್ಲಿ ಕೊರೆಯುವ ಸುರಂಗಕ್ಕೆ ಒಪ್ಪಿದರು. 2011ರ ಆಗಸ್ಟ್‌ನ ಮತದಾನದಲ್ಲಿ ಸುಮಾರು 58 ಪ್ರತಿಶತ ಮತದಾರರು ಅದರ ಪರವಾಗಿ ನಿಂತರು.

ವಯಾಡಕ್ಟ್ ಮೇಲೆ ನಡೆಯುತ್ತಾ ಹಿರಿಯರು 2001ರ ಆ ಭೂಕಂಪದ ದಿನವನ್ನು ನೆನೆದರು. ಅವರ ಕಚೇರಿ ಆಗ ಪಯೊನೀರ್ ಸ್ಕ್ವೇರ್‌ನಲ್ಲಿತ್ತಂತೆ. ಹಳೆಯ ಕಟ್ಟಡಗಳ ಇಟ್ಟಿಗೆಗಳು ಕೆಳಗೆ ನಿಂತಿದ್ದ ಕಾರುಗಳ ಮೇಲೆ ಉರುಳಿದ್ದನ್ನು ನೋಡಿದ ಮೇಲೆ ಅವರು ವಯಾಡಕ್ಟಿನ ಕೆಳಗಿನ ಅಂತಸ್ತಿನಲ್ಲಿ ಒಂದು ದಿನವೂ ಕಾರು ಓಡಿಸಲಿಲ್ಲ. ಮನೆಗೆ ಮರಳುವಾಗ ಸುತ್ತು ದಾರಿ ಹಿಡಿಯುತ್ತಿದ್ದರು. "ಮೇಲಿರುವವನಿಗೆ ನೋಟ, ಕೆಳಗಿರುವವನಿಗೆ ಪ್ರಾಣಭಯ" ಎಂದು ಹೇಳಿ ಅವರು ಮುಂದಕ್ಕೆ ನಡೆದರು. ಸಂಜೆ ಅದೇ ಕೆಳಗಿನ ಅಂತಸ್ತಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟೋ ಸಲ ಮನೆಗೆ ಮರಳಿದ್ದ ನನಗೆ ಆ ಮಾತು ಒಳಗೆ ಇಳಿಯಿತು. ಭೂಮಿ ಅಲುಗಿದ ಕೂಡಲೇ ರಸ್ತೆಯನ್ನು ತಾನಾಗಿ ಮುಚ್ಚುವ ಗೇಟುಗಳನ್ನು 2011ರಲ್ಲಿ ಅಲ್ಲಿ ಅಳವಡಿಸಿದ್ದರು. ಹೊಸ ವಾಹನಗಳು ಒಳಬರದಂತೆ ಅವು ತಡೆಯಬಲ್ಲವು. ಆಗಲೇ ಒಳಗಿರುವವರಿಗೆ ಅವುಗಳಿಂದ ಏನೂ ಆಗುವಂತಿರಲಿಲ್ಲ. ದಿನಕ್ಕೆ ಸುಮಾರು 90,000 ವಾಹನಗಳು ಓಡುತ್ತಿದ್ದ ರಸ್ತೆಯದು.

ಮೇಲಂತಸ್ತಿನಲ್ಲಿ ಅಂದು ಜಾತ್ರೆಯಂತೆ ಜನ. ಕಾರಿನಲ್ಲಿ ಒಂದು ಕ್ಷಣಕ್ಕೂ ನಿಲ್ಲಲಾಗದಿದ್ದ ಜಾಗಗಳಲ್ಲಿ ಎಲ್ಲರೂ ನಿಂತಿದ್ದರು. ರಸ್ತೆಯ ಜೋಡಣೆಗಳ ಮೇಲೆ ಬಸ್ಸಿನ ಚಕ್ರ ಹಾಯ್ದಾಗ ಕೇಳುತ್ತಿದ್ದ ದಡಕ್ ದಡಕ್ ಸದ್ದನ್ನು ಮಗಳು ಹುಡುಕಿ, ಒಂದು ಜೋಡಣೆಯ ಮೇಲೆ ಎರಡೂ ಕಾಲಿನಿಂದ ಕುಪ್ಪಳಿಸಿದಳು. ಏನೂ ಸದ್ದು ಬರಲಿಲ್ಲ. ನಾನು ತಡೆಗೋಡೆಯ ಬಳಿ ನಿಂತು ನಗರದ ಕಡೆಗೆ ತಿರುಗಿದೆ. ಬಸ್ಸಿನಲ್ಲಿ ನಾನು ಸದಾ ನೀರಿನ ಕಡೆಗೇ ಮುಖ ಮಾಡಿ ಕೂರುತ್ತಿದ್ದೆ. ಬಲಗಡೆಯ ಕಿಟಕಿಗಳು ಇಷ್ಟು ಹತ್ತಿರದಲ್ಲಿವೆ ಎಂಬುದು ಅಂದೇ ಕಂಡಿತು. ಸಭೆಯಲ್ಲಿ ಮಾತಾಡಿದ ಆ ಮಹಿಳೆಯ ಮನೆ ಅವುಗಳಲ್ಲಿ ಯಾವುದೋ. ನಾನು ಇಷ್ಟು ವರ್ಷ ಸವಿದ ನೋಟದ ಬೆಲೆಯನ್ನು ಅವರ ನಿದ್ದೆ ತೆತ್ತಿತ್ತು.

ಆಮೇಲೆ ಸುರಂಗ ನೋಡಲು ಹೋದೆವು. ಅದನ್ನು ಕೊರೆದ ಯಂತ್ರಕ್ಕೆ ಸಿಯಾಟಲ್‌ನ ಮೊದಲ ಮಹಿಳಾ ಮೇಯರ್ ಬರ್ತಾ ನೈಟ್ ಲ್ಯಾಂಡಿಸ್ ಅವರ ನೆನಪಿನಲ್ಲಿ ಬರ್ತಾ ಎಂದು ಹೆಸರಿಟ್ಟಿದ್ದರು. ಅದರ ಕೊರೆಯುವ ಮುಖದ ವ್ಯಾಸ 57 ಅಡಿಗೂ ಹೆಚ್ಚು. 2013ರ ಡಿಸೆಂಬರ್‌ನಲ್ಲಿ ಕೆಟ್ಟು ನಿಂತ ಯಂತ್ರ ಮತ್ತೆ ಹೊರಟದ್ದು ಎರಡು ವರ್ಷದ ಮೇಲೆ. ಆಚೆ ತುದಿಯಲ್ಲಿ ಹೊರಬಂದದ್ದು 2017ರ ಏಪ್ರಿಲ್‌ನಲ್ಲಿ. ಸುಮಾರು ಎರಡು ಮೈಲಿಯ ಈ ದಾರಿಯೂ ಎರಡು ಅಂತಸ್ತಿನದೇ, ಆದರೆ ಇಲ್ಲಿ ಉತ್ತರಕ್ಕೆ ಹೋಗುವವರು ಕೆಳಗೆ. ಕೆಲಸ ಅಚ್ಚುಕಟ್ಟಾಗಿದೆ, ಭೂಕಂಪವನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ್ದಾರೆ, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ: ಈ ಸುರಂಗಕ್ಕೆ ನಗರದ ನಡುವೆ ಒಂದೇ ಒಂದು ಹೊರದಾರಿಯೂ ಇಲ್ಲ. ನಗರವನ್ನು ದಾಟಿ ಹೋಗುವ ಕಾರಿಗೆ ಅದು ಅನುಕೂಲ. ನಗರಕ್ಕೇ ಬರಬೇಕಾದ ನಮ್ಮ ಬಸ್ಸಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ವಯಾಡಕ್ಟ್ ಬೀಳಲೇಬೇಕಿತ್ತು ಎಂಬುದನ್ನು ಆ ದಿನ ನಾನು ಮನಸಾರೆ ಒಪ್ಪಿದೆ. ಆದರೆ ಅದರ ಜಾಗಕ್ಕೆ ಏನು ಬರಬೇಕೆಂದು ಇಷ್ಟು ವರ್ಷ ವಾದಿಸಿದ ನಗರ, ಅದನ್ನು ಬಸ್ಸಿನಲ್ಲಿ ಕುಳಿತು ಬಳಸುತ್ತಿದ್ದವರನ್ನು ಕೊನೆಯ ಸಾಲಿನಲ್ಲಿ ಇಟ್ಟಿತು ಎಂಬ ನೋವು ನನಗೆ ಇಂದಿಗೂ ಇದೆ.

ಸೋಮವಾರ ಕಾರುಗಳು ಸುರಂಗಕ್ಕೆ ಇಳಿದವು. ಜನವರಿಯಿಂದಲೇ ದಾರಿ ಬದಲಿಸಿದ್ದ ನಮ್ಮ ಬಸ್ಸು ದಕ್ಷಿಣದ ಗೋದಾಮುಗಳ ನಡುವೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಲ್ಲುತ್ತಾ ಸಾಗಿತು. ಅದೇ ತಿಂಗಳು ಕೆಡವುವ ಕೆಲಸ ಶುರುವಾಗಿ ನವೆಂಬರ್‌ ಹೊತ್ತಿಗೆ ವಯಾಡಕ್ಟ್ ಇಲ್ಲವಾಯಿತು. ಒಡೆದ ಕಾಂಕ್ರೀಟನ್ನು ಮುಚ್ಚಿಹೋದ ಹಳೆಯ ಬ್ಯಾಟರಿ ಸ್ಟ್ರೀಟ್ ಸುರಂಗಕ್ಕೆ ತುಂಬಿದರು.

ಪೈಕ್ ಪ್ಲೇಸ್ ಮಾರುಕಟ್ಟೆಯಿಂದ ಸಮುದ್ರದಂಚಿಗೆ ಇಳಿಯುವ ಓವರ್‌ಲುಕ್ ವಾಕ್ 2024ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ನಾನೂ ಮಗಳೂ ಅಲ್ಲಿಗೆ ಹೋಗಿದ್ದೆವು. ಟಿಕೆಟ್ಟೂ ಬೇಡ, ಕಾರೂ ಬೇಡ; ಯಾರು ಬೇಕಾದರೂ ಎತ್ತರದಲ್ಲಿ ಕುಳಿತು ಕೊಲ್ಲಿಯನ್ನು ನೋಡಬಹುದು. ವಯಾಡಕ್ಟಿನ ಅಡಿಯಲ್ಲಿ ಪಕ್ಕದಲ್ಲಿದ್ದವರ ಮಾತೂ ಕೇಳದಷ್ಟು ಗದ್ದಲವಿದ್ದ ಜಾಗದ ಹತ್ತಿರವೇ ನಾವು ಮೆಲ್ಲಗೆ ಮಾತಾಡುತ್ತಾ ಬಹಳ ಹೊತ್ತು ಕುಳಿತೆವು. ಬಸ್ಸು ಎಲ್ಲಿ ಹೋಗುತ್ತಿತ್ತು ಎಂದು ಅವಳು ಕೇಳಿದಳು. ನಾನು ಕೈ ಚಾಚಿ ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸಿದೆ. ಆ ಗೆರೆಯ ಆಚೆ ಬೇನ್‌ಬ್ರಿಜ್ ದ್ವೀಪದ ಫೆರಿ ದಡದ ಕಡೆಗೆ ಬರುತ್ತಿತ್ತು.